ಇಲ್ಲೀತನಕ ಸರಿ

ಗಾದ್ರೆಪ್ಪ ಮೇಷ್ಟ್ರು ತಪ್ಪಿಗೆ ಇಂಟು ಹಾಕಿದವರಲ್ಲ.
ಲೆಕ್ಕ ಎಲ್ಲಿ ದಾರಿ ಬಿಟ್ಟಿತೋ ಆ ಅಂಕಿಗೊಂದು ಸೊನ್ನೆ ಸುತ್ತಿ
ಮೇಲಿನ ಸಾಲಿನ ಪಕ್ಕ, ಇರುವೆಯಂಥ ಅಕ್ಷರದಲ್ಲಿ
ಇಲ್ಲೀತನಕ ಸರಿ, ಎಂದು ಬರೆಯುತ್ತಿದ್ದರು.
ಮೊದಲ ಸಾಲಲ್ಲೇ ಎಡವಿದವಳೊಬ್ಬಳಿದ್ದಳು. ನಾನೇ.
ನನಗೆ ಬರೆದರು:
ಪ್ರಶ್ನೆ ನೋಡಿ ಬರೆದದ್ದು ಸರಿಯಾಗಿದೆ. ಇಲ್ಲೀತನಕ ಸರಿ.

ಮಿಲ್ಲಿನ ಹಿಂದಿನ ಶಾಲೆ.
ಹತ್ತಿಯ ಎಳೆ ಕಿಟಕಿಯಿಂದ ತೇಲಿ ಬಂದು
ಭಾಗಾಕಾರದ ಮೇಲೆ ಕೂತು, ಯಾರೋ ಉಸಿರು ಬಿಟ್ಟರೆ ಎದ್ದು ಹೋಗುತ್ತಿತ್ತು.

ಈಗ ದಾವಣಗೆರೆಯಲ್ಲೇ, ಔಷಧಿ ಕೌಂಟರಿನ ಪಕ್ಕದ ಕೋಣೆಯಲ್ಲಿ
ನನಗೊಂದು ಮೇಜು, ತೂಕದ ಯಂತ್ರ, ಎರಡು ಕುರ್ಚಿ.
ಸಕ್ಕರೆ ಕಾಯಿಲೆಯವರ ವಾರದ ಪುಸ್ತಕ ನೋಡುವುದು ಕೆಲಸ.
ಸಿದ್ದವೀರಪ್ಪ ಬರುತ್ತಾರೆ, ಕೈಯಲ್ಲಿನ್ನೂ ಬೆಣ್ಣೆಯ ವಾಸನೆ.
'ದಿನಾ ಮುನ್ನೂರು ದೋಸೆ ಹುಯ್ಯೋನು ನಾನು,
ಮೂರು ತಿಂದ್ರೆ ಯಾವ ಲೆಕ್ಕ ತಪ್ತದಮ್ಮ?'
ಒಂದು ತಿನ್ನಿ. ಮದುವೆಮನೆಗೆ ಹೋದ ದಿನ ಎರಡಾಗಲಿ.
ಅದು ಪಕ್ಕದ ಮನೆಯಿಂದ ದಶಕ ಕಡ ತಂದ ಹಾಗೆ;
ತಂದದ್ದನ್ನು ತಲೆಯ ಮೇಲೆ ಸಣ್ಣಗೆ ಬರೆದಿಟ್ಟುಕೊಳ್ಳಿ,
ಕೊಟ್ಟವರ ಮನೆಯಲ್ಲೊಂದು ಕಮ್ಮಿಯಾಗಿರುತ್ತೆ.
ಅವರು ನಗುತ್ತಾರೆ. ಯಾವ ಮೇಷ್ಟ್ರ ಮಾತೆಂದು ಅವರಿಗೇನು ಗೊತ್ತು.

ಚಮನ್‌ಬೀಯ ಪುಸ್ತಕದಲ್ಲಿ ಮಾತ್ರ ಒಂದೂ ತಪ್ಪಿರಲಿಲ್ಲ.
ಏಳು ದಿನ, ಏಳು ಬೆಳಗು, ಎರಡೆರಡು ರೊಟ್ಟಿ, ಸಾರು, ಸೊಪ್ಪು,
ಒಂದೇ ಪೆನ್ನು, ಒಂದೇ ಒತ್ತು, ಒಂದೇ ಕೂರಿನಲ್ಲಿ ಬರೆದ ಹಾಗೆ.
ಮೊಮ್ಮಗಳು ಬರೆದುಕೊಡುತ್ತಾಳೆ ಎಂದರು.
ಬೈಯಲು ಬಾಯಿ ತೆರೆದೆ.
ತೆರೆದ ಬಾಯಿಗೆ ಐದನೇ ಕ್ಲಾಸಿನ ಒಂದು ಮಧ್ಯಾಹ್ನ ಬಂದು ಅಡ್ಡ ನಿಂತಿತು.

ಅವತ್ತು ನಾನೂ ರುದ್ರಮುನಿಯ ಲೆಕ್ಕ ಹಾಗೇ ಇಳಿಸಿದ್ದೆ.
ಮೇಷ್ಟ್ರು ಪುಸ್ತಕ ಮುಚ್ಚಿ, ನನ್ನ ಮುಂದೆ ಬೆಂಚಿನಲ್ಲಿ
ಹುಡುಗನ ಹಾಗೆ ಕೂತು, 'ನಂಗೆ ಹೇಳ್ಕೊಡವ್ವ' ಎಂದರು.
ನಾನು ಸುಮ್ಮನಿದ್ದೆ. ಅವರೂ.
ಮಿಲ್ಲಿನ ಸೈರನ್ ಕೂಗಿತು, ಪಾಳಿ ಬದಲಾಯಿತು,
ಸೈಕಲ್ಲುಗಳೆಲ್ಲ ಹೋದವು. ಅವರು ಇನ್ನೂ ಕೂತೇ ಇದ್ದರು.
ಗೊತ್ತಿಲ್ಲ ಸಾರ್, ಎಂದೆ ಕೊನೆಗೆ.
'ಅದೂ ಒಂದು ಸಾಲೇ. ಬರಿ.'

ನಾನು ಮೇಜು ಸುತ್ತಿ ಬಂದು ಚಮನ್‌ಬೀಯ ಪಕ್ಕ ಕೂತೆ.
ನಿಮ್ಮ ರಾತ್ರಿ ಹೆಂಗಿರುತ್ತೆ, ನಂಗೆ ಹೇಳ್ಕೊಡಿ.
ಹೊರಗೆ ಟೋಕನ್ ನಂಬರ್ ಕೂಗಿದರು, ಇನ್ನೊಂದು ಕೂಗಿದರು.
ಸೆರಗಿನ ಅಂಚು ಸುತ್ತಿ ಬಿಚ್ಚಿ ಮಾಡಿ ಹೇಳಿದರು:
ಮಂಡಕ್ಕಿ ಭಟ್ಟಿ ರಾತ್ರಿಯೆಲ್ಲ ಉರಿಯುತ್ತೆ,
ಮೂರು ಗಂಟೆಗೆ ಜರಡಿ ಹಿಡಿದ ಕೈ ನಡುಗುತ್ತೆ,
ಬೆಲ್ಲದ ಚೂರು ಬಾಯಿಗೆ ಹಾಕಿದರೆ ನಿಲ್ಲುತ್ತೆ.
ಬೆಲ್ಲ ತಿಂದದ್ದು ಹೇಳಿದರೆ ನೀವು ಬೈತೀರಲ್ಲ.
ಬೆವರು? ಎಂದೆ.
'ಭಟ್ಟಿ ಮುಂದೆ ಬೆವರು ಯಾರಿಗಿಲ್ಲವ್ವ?'

ಇಳಿಯುತ್ತಿದ್ದ ಸಕ್ಕರೆಯನ್ನು ಬೆಂಕಿಯ ಬೆವರು ಮುಚ್ಚಿಟ್ಟಿತ್ತು.
ನನ್ನ ಭಯ ಬೆಲ್ಲವನ್ನು ಮುಚ್ಚಿಟ್ಟಿತ್ತು.
ಡಾಕ್ಟರಿಗೆ ಚೀಟಿ ಬರೆದು ಅವರನ್ನು ನಾನೇ ಕರೆದೊಯ್ದೆ.
ಸಂಜೆಯ ಮಾತ್ರೆ ಅರ್ಧವಾಯಿತು, ಊಟದ ಹೊತ್ತು ಬದಲಾಯಿತು.

ಮೇಷ್ಟ್ರೂ ಏನೋ ಮುಚ್ಚಿಟ್ಟಿದ್ದರು.
ಗಂಟೆ ಹೊಡೆದ ಮೇಲೆ ಗೋಡೆಯಾಚೆ ಬೀಡಿ, ನಂತರ ಆ ಕೆಮ್ಮು;
ನಾವು ಎಣಿಸಿ ನಗುತ್ತಿದ್ದೆವು. ನನಗೆ ಹೇಳ್ಕೊಡಿ ಎಂದು
ಅವರೆದುರು ಕೂತವರು ಯಾರೂ ಇರಲಿಲ್ಲ.

ಮುಂದಿನ ಬುಧವಾರ ಪುಸ್ತಕ ಬಂತು.
ಮೂರು ದಿನ ಪೆನ್ನು, ಎರಡು ದಿನ ಪೆನ್ಸಿಲ್ಲು,
ಗುರುವಾರದ ಮೇಲೆ ಎಣ್ಣೆಯ ಕಲೆ, ಬೆಲ್ಲ ಒಂದು ಚೂರು.
ಶನಿವಾರದ ಮುಂದೆ, ಮೊಮ್ಮಗಳ ಕೈಯಲ್ಲಿ: ಗೊತಿಲ್ಲ.
ತ ಒತ್ತು ಬಿಟ್ಟಿದ್ದಾಳೆ.
ಕೆಂಪು ಪೆನ್ನು ಅಲ್ಲಿತನಕ ಹೋಯಿತು, ನಿಂತಿತು.
ಮುಚ್ಚಳ ಹಾಕಿದೆ.