ಎಂಬತ್ತೊಂಬತ್ತು ಡಿಗ್ರಿ

ಶಹಾಬಾದಿನ ಹೈಸ್ಕೂಲು. ಐದು ಕಂಪ್ಯೂಟರು, ನಡೆಯೋವು ಮೂರು.
ನಾನು ಓದಿದ್ದು ಸಸ್ಯಶಾಸ್ತ್ರ; ಉಳಿದವರು ಒಲ್ಲೆ ಅಂದದ್ದಕ್ಕೆ
ಕೋಣೆಯ ಕೀಲಿ ನನ್ನ ಜೇಬಿಗೆ ಬಂತು.
ಫೋನಿನ ನೆಟ್ಟು ಕಿಟಕಿಯಲ್ಲಿಟ್ಟರೆ ಪುಟ ಇಳಿಯುತ್ತದೆ:
ಮೊದಲು ಬಿಳಿ, ಬಹಳ ಹೊತ್ತು ಬರೀ ಬಿಳಿ,
ಆಮೇಲೆ ನಡುವೆ ಒಂದು ಆಮೆ,
ಉಗುರಿನಷ್ಟು ಹಸಿರು.

ಏನೂ ಗೊತ್ತಿಲ್ಲದವರಿಗೆಂದೇ ಮಾಡಿದ ಪುಟವಂತೆ.
ಅಂದರೆ ನಮಗೆ, ಎಂದು ಮಕ್ಕಳಿಗಿಂತ ಮೊದಲು ನಾನೇ ನಕ್ಕೆ.

ಯಾರೋ ಕನ್ನಡಕ್ಕೂ ತಂದಿದ್ದಾರೆ:
ಮುಂದೆ ಚಲಿಸು. ಬಲಕ್ಕೆ ತಿರುಗು. ಪುನರಾವರ್ತಿಸು.
"ಪುನರಾವರ್ತಿಸು ಅಂದ್ರ ಯಾನ್ರೀ ಸರ್?" ಮೈಮೂನಾ.
"ಮಾಡಿದ್ದೇ ಮತ್ತ ಮತ್ತ ಮಾಡೋದು."
"ಹಂಗಂದ್ರ ನಮ್ಮಪ್ಪ."

ಹೊರಗೆ ಪಡಸಾಲೆಗೆ ಲಾಡ್ಲೇಸಾಬ ಪರಸಿ ಕೂಡಿಸುತ್ತಿದ್ದ,
ರಬ್ಬರ್ ಸುತ್ತಿಗೆಯ ಟಪ್, ಟಪ್,
ಒಂದರ ಮಗ್ಗುಲಿಗೆ ಒಂದು.

ಚೌಕ ಬರೆಯಿರಿ ಎಂದಿದ್ದೆ. ಎಷ್ಟು ತಿರುಗಿಸಬೇಕೆಂದು ಹೇಳಿರಲಿಲ್ಲ.
ಎಪ್ಪತ್ತು ಹಾಕಿದಳು, ಎಂಬತ್ತು ಹಾಕಿದಳು,
ಎಂಬತ್ತೊಂಬತ್ತಕ್ಕೆ "ಆತಲ್ರೀ" ಎಂದು ಕೈಯೆತ್ತಿದಳು.
ಮೂಲೆ ಕೂಡಿರಲಿಲ್ಲ. ಜೋಳದ ಕಾಳಿನಷ್ಟು ಸಂದು.
ಪುಟ ತಪ್ಪೆನ್ನಲಿಲ್ಲ, ಕೆಂಪಾಗಲಿಲ್ಲ;
ಹೇಳಿದಷ್ಟು ನಡೆದು ಆಮೆ ಸುಮ್ಮನೆ ನಿಂತಿತ್ತು.

ನೀರು ಕೇಳಲು ಬಂದ ಲಾಡ್ಲೇಸಾಬ ಕಿಟಕಿಯಿಂದಲೇ ನೋಡಿ
"ಗುಣ್ಯಾ ತಪ್ಪ್ಯಾದ ಬೇಟಾ" ಅಂದ.
"ಒಂದ್ ಕಲ್ಲಿಗಿ ಕಾಳಷ್ಟು. ಗ್ವಾಡಿ ಮುಟ್ಟಾದ್ರಾಗ ಗೇಣು."

ಅವಳು ಎಂಬತ್ತೊಂಬತ್ತನ್ನು ಮುಟ್ಟಲಿಲ್ಲ.
ನಾಲ್ಕನ್ನು ಅಳಿಸಿದಳು, ಮುನ್ನೂರ ಅರವತ್ತು ಬರೆದಳು.
"ಗೇಣು ಹ್ಯಾಂಗ ಆಗ್ತದ ನೋಡೂಣು."

ಆಮೆ ಹೊರಟಿತು. ಚೌಕ ಜಾರಿತು, ಜಾರಿದ್ದರ ಮೇಲೆ ಇನ್ನೊಂದು ಜಾರಿತು,
ಮೂಲೆಗಳು ಮೂಲೆಗಳನ್ನು ತಳ್ಳುತ್ತ ದುಂಡಗಾಗತೊಡಗಿದವು.
ಹಿಂದಿನ ಬೆಂಚು ಎದ್ದು ಬಂತು. ಬಕೆಟ್ಟಿನಲ್ಲಿ ಸಿಮೆಂಟು ಬಿರುಸಾಗುತ್ತಿತ್ತು,
ಲಾಡ್ಲೇಸಾಬ ಕದಲಲಿಲ್ಲ.
ಮುಕ್ಕಾಲು ಸುತ್ತಿಗೆ ಕರೆಂಟು ಹೋಯಿತು.

ಪುಟ ಏನನ್ನೂ ನೆನಪಿಡುವುದಿಲ್ಲ.
ಮೈಮೂನಾ ಚಾಕ್‌ಪೀಸು ಹಿಡಿದು ಹೊರಗೋಡಿ
ಹಾಸದ ಪರಸಿಯೊಂದರ ಮೇಲೆ ಬರೆದಿಟ್ಟಳು:
ನೂರು, ಎಂಬತ್ತೊಂಬತ್ತು, ಮುನ್ನೂರ ಅರವತ್ತು ಸಲ.

ರಾತ್ರಿ ಮನೆಯಲ್ಲಿ, ಫೋನಿನಲ್ಲಿ, ನಾನೇ ಮಾಡಿ ನೋಡಿದೆ.
ಕೊನೆಯ ಸಲಕ್ಕೆ ಆಮೆ
ಹೊರಟಲ್ಲಿಗೇ ಬಂದು ನಿಂತಿತು. ಸಂದೇ ಇಲ್ಲ.
ಹೆಂಡತಿಯನ್ನು ಎಬ್ಬಿಸಬೇಕೆನಿಸಿತು. ಎಬ್ಬಿಸಲಿಲ್ಲ.

ಬೆಳಿಗ್ಗೆ ಪಡಸಾಲೆ ಪೂರಾ ಹಾಸಿ ಮುಗಿದಿತ್ತು.
"ಬರೆದ ಕಲ್ಲು?"
"ಅಪ್ಪ ಬೋರಲು ಹಾಕ್ಯಾನ್ರೀ. ಯಾವ್ದೋ ಗೊತ್ತಿಲ್ಲ."
ನನಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ.
ಅದರ ಮೇಲೋ, ಅದರ ಪಕ್ಕದ್ದರ ಮೇಲೋ
ಚಪ್ಪಲಿ ಬಿಟ್ಟು ಒಳಗೆ ಹೋಗಿ
ಬಿಳಿ ಬರುವುದನ್ನು ಕಾಯುತ್ತ ಕೂತೆವು.