ಬನಿ

ಅರವತ್ತರದೊಂದು ಜೊತೆ, ನೂರರದೊಂದು ಜೊತೆ.
ಎರಡೂ ಕಪ್ಪು, ಎರಡೂ ಗುಂಡಗೆ,
ಎರಡಕ್ಕೂ ಜಾಲರಿಯ ಮುಖ.
ತ್ಬಿಲಿಸಿಯ ಎಲಿಯಾವಾ ಬಜಾರಿನಲ್ಲಿ
ಬಿಚ್ಚಿ ಹರವಿದ ಗೇರ್‌ಬಾಕ್ಸುಗಳ ಸಾಲು ದಾಟಿದರೆ
ಗೆಗಾನ ಅಂಗಡಿ. ಎಣ್ಣೆ ಮೆತ್ತಿದ ಹಲಗೆಯ ಮೇಲೆ
ಎರಡನ್ನೂ ಇಟ್ಟು, ವೈರು ಸಿಕ್ಕಿಸಿ,
"ಕಿವಿಗೇ ಬಿಡಿ, ಮಾವ" ಅಂದ ಹುಡುಗ.

ಒತಿಯಾ ಫೋನು ತೆಗೆದ.
ಅದರಲ್ಲಿರುವುದು ಒಂದೇ ಹಾಡು:
ನಾದಿನಿಯ ಮಗುವಿನ ದೀಕ್ಷಾಸ್ನಾನದ ಊಟದಲ್ಲಿ
ಯಾರೋ ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟು ಹಿಡಿದದ್ದು.
ಮೇಲಿನ ದನಿ ಝಾವುರನದು, ನಡುವಿನದು ಬಿಚಿಕೋನದು,
ಕೆಳಗೆ, ನೆಲದ ಹಾಗೆ, ಒಂದೇ ಸ್ವರ ಹಿಡಿದು ನಿಂತವನು ಇವನು.
ಅದಕ್ಕೆ ನಮ್ಮ ಕಡೆ ಬನಿ ಅನ್ನುತ್ತಾರೆ.
ಬನಿಗೆ ಹತ್ತು ಜನ ಬೇಕು;
ಒಬ್ಬ ಉಸಿರೆಳೆಯುವಾಗ ಇನ್ನೊಬ್ಬ ಹಿಡಿದಿರಬೇಕು.
ಅವತ್ತು ಉಳಿದ ಒಂಬತ್ತು ಬಾಯಿ ಮಾಂಸ ಅಗಿಯುತ್ತಿದ್ದವು.

ಮೊದಲು ಅರವತ್ತರದರಲ್ಲಿ ಹಾಕಿದ.
ಝಾವುರ ಬಂದ, ಬಿಚಿಕೋ ಬಂದ,
ತಟ್ಟೆಗೆ ಫೋರ್ಕು ತಾಗಿದ್ದೂ ಬಂತು.
ಇವನು ಬರಲಿಲ್ಲ.
ಏಣಿ ತೆಗೆದ ಅಟ್ಟದಲ್ಲಿ ಕೂತವರ ಹಾಗೆ
ಎರಡು ದನಿ, ಕಾಲು ಇಳಿಬಿಟ್ಟು.
"ನಾನೆಲ್ಲಿ?" ಅಂದ ಒತಿಯಾ.
ಸ್ಪೀಕರನ್ನು ತಿರುಗಿಸಿ ನೋಡಿದ,
ಬೆಕ್ಕು ಕನ್ನಡಿಯ ಹಿಂದೆ ಹುಡುಕುವ ಹಾಗೆ.

ನೂರರದರಲ್ಲಿ ಇದ್ದ.
ಹಲಗೆಯ ಮೇಲಿನ ಸ್ಕ್ರೂಗಳು ಜುಮ್ಮೆಂದವು.
ಮೂವತ್ತೊಂದು ವರ್ಷ ಈ ಗಂಟಲಿನ ಗೊರಕೆ ಕೇಳಿದವಳು ನಾನು;
ನನ್ನ ಬೆನ್ನೂ ನೆಟ್ಟಗಾಯಿತು.

ಆದರೆ ಚೀಲ ಇರುವುದು ನನ್ನ ಮಡಿಲಲ್ಲಿ.
ನಮ್ಮ ದುಡ್ಡಿನ ಹೆಸರು ಲಾರಿ;
ನಲವತ್ತು ಲಾರಿ ಅಂದರೆ ನನ್ನ ಬೂಟಿಗೆ ಹೊಸ ಅಟ್ಟೆ,
ಮೇಲೆ ಒಂದು ವಾರದ ರೊಟ್ಟಿ.
ಕಾರೋ, ನಮ್ಮ ಕಿರಿಮಗನಿಗಿಂತ ಎರಡು ವರ್ಷ ದೊಡ್ಡದು,
ಹಿಂಬಾಗಿಲು ಹಗ್ಗದಲ್ಲಿ ನಿಂತಿದೆ.
ಕತ್ತೆಗೆ ರೇಷ್ಮೆ ಜೀನೇ, ಎಂದೆ.
ಗೆಗಾ ಏನೋ ಹೇಳಹೊರಟು, ನನ್ನ ಮುಖ ನೋಡಿ, ನುಂಗಿಕೊಂಡ.
ಒತಿಯಾ ನೂರರದರ ಅಯಸ್ಕಾಂತವನ್ನು
ಕಲ್ಲಂಗಡಿ ತೂಗುವ ಹಾಗೆ ಅಂಗೈಯಲ್ಲಿ ತೂಗಿದ.
"ಭಾರ ಇದೆ" ಅಂದ. ಇಟ್ಟ.
ಅರವತ್ತು ಎಣಿಸಿಕೊಟ್ಟೆ.

ಸಾಗರೇಜೋ ದಾಟುವವರೆಗೂ ಮಾತಿಲ್ಲ.
ಹೊಸ ಸ್ಪೀಕರಿನಲ್ಲಿ ಝಾವುರ, ಬಿಚಿಕೋ, ಫೋರ್ಕು.
ಆಮೇಲೆ ಇಳಿಜಾರಿನಲ್ಲಿ, ನಾಲ್ಕನೇ ಗೇರಿಗೆ ಬಿದ್ದಾಗ,
ಪಕ್ಕದಿಂದ ಶುರುವಾಯಿತು:
ಸ್ಟಿಯರಿಂಗಿನ ಮೇಲೆ ಕೈ ಅಲುಗದೆ,
ತುಟಿ ಬಿಟ್ಟೂ ಬಿಡದೆ, ಒಂದೇ ಸ್ವರ.
ಹಗ್ಗದ ಬಾಗಿಲು ಅದನ್ನು ಹಿಡಿಯಿತು,
ಡಿಕ್ಕಿಯ ಖಾಲಿ ಕ್ಯಾನು ಹಿಡಿಯಿತು,
ನನ್ನ ಸೀಟಿನ ಅಡಿಯ ಸ್ಪ್ರಿಂಗು.

ಹಾಡು ಮುಗಿಯಿತು. ಮತ್ತೆ ಹಾಕಿದ.
ಬಾದಿಯಾವುರಿಯಲ್ಲಿ ಮತ್ತೆ. ಚುಮ್ಲಾಕಿಯಲ್ಲಿ ಮತ್ತೆ.
ನೂರರದಾಗಿದ್ದರೆ ತಗ್ಗಿಸಲು ಗುಂಡಿಯಾದರೂ ಇತ್ತು;
ಇದಕ್ಕೆಲ್ಲಿ?

ಊರಿನ ತಿರುವಿನಲ್ಲಿ ಅವನು ಉಸಿರೆಳೆದ.
ಅಲ್ಲಿ ಕಡಿಯಬೇಕಿದ್ದ ಸ್ವರ ಕಡಿಯಲಿಲ್ಲ.
"ಬಾಗಿಲು ಇರಬೇಕು" ಅಂದ, ರಸ್ತೆ ನೋಡುತ್ತಲೇ.
ಇರಬೇಕು ಎಂದೆ,
ಕಿಟಕಿಯ ಕಡೆ ತಿರುಗಿ,
ಬಾಯಿ ಒರೆಸಿಕೊಂಡು.