ರೀಡಿಂಗ್

ದುರ್ಗಿಗುಡಿಯ ಅಂಗಡಿಯಲ್ಲಿ, ಗಾಜಿನ ಮೇಲೆ,
ಪಿಂಟೊ ಎರಡನ್ನೂ ಇಟ್ಟ.
ಒಂದು ಹಳೆಯ ಡಿಎಸ್‌ಎಲ್‌ಆರ್. ಹಿಡಿಯ ರಬ್ಬರು ಸವೆದು ನುಣುಪು,
ಕೊರಳಪಟ್ಟಿಯ ಹೊಲಿಗೆಯೊಳಗೆ ಇನ್ನೂ ಅರಿಸಿನ;
ಭದ್ರಾವತಿಯ ಮದುವೆಗಳೆಲ್ಲ ಇದರ ಹೊಟ್ಟೆಯಿಂದ ಹಾದು ಹೋದವಂತೆ.
ಇನ್ನೊಂದು ಹೋದ ವರ್ಷದ್ದು, ಬ್ರಿಜ್ ಕ್ಯಾಮೆರಾ.
ಗುಂಡಿ ಒತ್ತಿದರೆ ಆಮೆಯ ಕತ್ತಿನಂತೆ ಮೂತಿ ಚಾಚುತ್ತದೆ,
ಚಾಚುತ್ತಲೇ ಇರುತ್ತದೆ.

"ಚಂದ್ರನ ಹೊಂಡ ಕಾಣ್ತದೆ ಮಾರಾಯ್ರೆ" ಎಂದ.
ನನಗೆ ಚಂದ್ರ ಬೇಡವಾಗಿತ್ತು.

ಹಳೆಯದರ ಲೆಕ್ಕ ಕೇಳಿದೆ. ಕಂಪ್ಯೂಟರಿಗೆ ಸಿಕ್ಕಿಸಿ ಹೇಳಿದ:
ಒಂದು ಲಕ್ಷದ ಹನ್ನೆರಡು ಸಾವಿರದ ನಾನೂರ ಆರು.
ಶಟರ್ ಇಷ್ಟು ಸಲ ರೆಪ್ಪೆ ಬಡಿದಿದೆ.
ಇಪ್ಪತ್ತಮೂರು ವರ್ಷ ಮೆಸ್ಕಾಂ ಮೀಟರು ಓದಿದವನು ನಾನು,
ಅಂಕಿ ಕಂಡರೆ ಕೈ ತಾನೇ ಜೇಬಿನ ಪೆನ್ನಿಗೆ ಹೋಗುತ್ತದೆ.
ಎಷ್ಟು ಉರಿಯಿತು ಅಂತ ಮೀಟರು ಹೇಳುತ್ತದೆ.
ಆ ಬೆಳಕಲ್ಲಿ ಯಾರು ಕೂತಿದ್ದರು, ಉಂಡರಾ, ಜಗಳ ಆಡಿದರಾ,
ಹೇಳುವುದಿಲ್ಲ.

ಹೊಸದನ್ನು ಬಾಗಿಲಲ್ಲಿ ನಿಂತು ಕಣ್ಣಿಗೆ ಹಿಡಿದೆ.
ಎದುರು ಕಟ್ಟಡದ ಎರಡನೇ ಮಾಳಿಗೆ, ಮೆಟ್ಟಿಲ ಸಂದಿ,
ಜೇಡರ ಬಲೆಯ ಹಿಂದೆ ಮೀಟರು: ೪ ೧ ೭ ೦ ೬.
ನಕ್ಕುಬಿಟ್ಟೆ. ಎಡ ಮಂಡಿ ಮಾತ್ರ ನಗಲಿಲ್ಲ,
ಅದಕ್ಕೆ ಹತ್ತಿದ ಮೆಟ್ಟಿಲೆಲ್ಲ ನೆನಪಿದೆ.

ಅಷ್ಟರಲ್ಲಿ ಕರೆಂಟು ಹೋಯಿತು.
ಕೊರಳ ಗುರುತಿನ ಚೀಟಿ ಕಂಡು ಅಂಗಡಿಯವರೆಲ್ಲ
ನನ್ನನ್ನೇ ನೋಡಿದರು. ಅಭ್ಯಾಸವಾಗಿದೆ.
ಕತ್ತಲಲ್ಲಿ ಹೊಸದರ ಪರದೆ ತುಂಬ ರವೆ ಚೆಲ್ಲಿತು,
ಪಿಂಟೊನ ಮುಖ ಉಪ್ಪಿಟ್ಟಾಯಿತು.
ಹಳೆಯದನ್ನೆತ್ತಿದೆ. ಒಳಗೆ ಬರೀ ಕನ್ನಡಿ, ಗಾಜು.
ಬ್ಯಾಟರಿ ತೆಗೆದರೂ ಕಾಣುತ್ತದೆ, ತೆಗೆದು ನೋಡಿದೆ.
ಮತ್ತೆ ಹಾಕಿ ಒಮ್ಮೆ ಒತ್ತಿದೆ. ನಾನೂರ ಏಳು.
ಬೀದಿಯಿಂದ ಬಂದ ಇಷ್ಟೇ ಇಷ್ಟು ಬೆಳಕಲ್ಲಿ
ಪಿಂಟೊನ ಕಣ್ಣ ಕೆಳಗಿನ ಸುಕ್ಕು,
ಬೆಳಿಗ್ಗೆ ಬ್ಲೇಡು ತಪ್ಪಿಸಿಕೊಂಡ ನಾಲ್ಕು ಬಿಳಿ ಕೂದಲು,
ತಪ್ಪು ಕಾಜಕ್ಕೆ ಹಾಕಿದ ಗುಂಡಿ.
"ಅದು ಡಿಲೀಟ್ ಮಾಡಿ" ಎಂದ. ಮಾಡಿದೆ.
ಲೆಕ್ಕ ಮಾತ್ರ ಹಿಂದೆ ಹೋಗಲಿಲ್ಲ.

ಇಷ್ಟವಾದದ್ದು ಯಾವುದೆಂದು ಅಲ್ಲಿಗೆ ತೀರ್ಮಾನವಾಯಿತು.
ಕೊಂಡದ್ದು ಇನ್ನೊಂದನ್ನು.

ಕಾರಣ, ಮೇಗರವಳ್ಳಿಯಾಚೆ ಹಳ್ಳದ ಆ ದಡದಲ್ಲೊಂದು ತಾರೆ ಮರ.
ಅದರ ಪೊಟರೆಯಲ್ಲಿ ಮಂಗಟ್ಟೆ ಹೆಣ್ಣು
ತನ್ನನ್ನೇ ಮೆತ್ತಿಕೊಂಡು ಕೂತಿದೆ,
ಕೊಕ್ಕು ತೂರುವಷ್ಟು ಸೀಳು ಬಿಟ್ಟು.
ಗಂಡು ಬಸರಿ ಹಣ್ಣು ತರುತ್ತದೆ. ನಾವು ಹತ್ತಿರ ಹೋದರೆ
ಬರುವುದಿಲ್ಲ. ಒಳಗೆ ಹಸಿವು.
ಹಳೆಯದರ ಲೆನ್ಸಿಗೆ ನಾನು ಹಳ್ಳ ದಾಟಬೇಕಿತ್ತು;
ದೊಡ್ಡ ಲೆನ್ಸಿನ ಬೆಲೆ ಪಿಂಟೊ ಕಿವಿಯಲ್ಲಿ ಹೇಳಿದ,
ಜೋರಾಗಿ ಹೇಳುವಂಥದ್ದಲ್ಲ.

ಚೀಟಿ ದುಡ್ಡು, ಮೇಲೆ ಹಾಲೇಶಿಯ ಸಾಲ ಒಂದೂವರೆ ಸಾವಿರ.

ಭಾನುವಾರ ಆರೂಕಾಲು. ಈ ದಡದ ಬಂಡೆ, ಮೊಣಕಾಲ ಮೇಲೆ ಮೊಣಕೈ.
ಅಷ್ಟು ದೂರದ್ದನ್ನು ಅಷ್ಟು ಹತ್ತಿರ ಎಳೆದರೆ
ಮರ ನಡುಗುತ್ತದೆ. ನಡುಗುವುದು ನಾನು.
ಒಣಗಿದ ಪಂಚೆ ಕೊಡವಿದ ಸದ್ದು ಮೊದಲು, ಆಮೇಲೆ ಗಂಡು.
ಒಂಬತ್ತು ಚಿತ್ರ. ಎಂಟರಲ್ಲಿ ಎಲೆ.
ಒಂಬತ್ತನೆಯದು ಪೂರಾ ರವೆ: ಕಂದು ರವೆ, ಬೂದು ರವೆ,
ನಡುವೆ ಹಳದಿ ಅಂದರೆ ಹಳದಿ.

ನಾಗವೇಣಿ ಕನ್ನಡಕ ಏರಿಸಿ ನೋಡಿದಳು.
"ಇಪ್ಪತ್ತೆರಡೂವರೆ ಸಾವಿರಕ್ಕೆ ಇದಾ? ಏನಿದೆ ಇದರಲ್ಲಿ?"
ಒಬ್ಬಳು ಇದ್ದಾಳೆ, ಎಂದೆ. ಊಟ ಬಂದಿದೆ.
ಅವಳು ಮತ್ತೆ ನೋಡಿದಳು, ಈ ಸಲ ಸ್ವಲ್ಪ ಹೊತ್ತು,
ಕತ್ತಲ ಮೂಲೆಯ ಮೀಟರಿಗೆ ಟಾರ್ಚು ಹಿಡಿದವರ ಹಾಗೆ.

ನಿನ್ನೆ ಪಿಂಟೊ ಫೋನು ಮಾಡಿದ.
ಹಳೆಯದು ಸಾಗರದ ಹುಡುಗಿಯೊಬ್ಬಳಿಗೆ ಹೋಯಿತಂತೆ,
ನಾಟಕದ ಫೋಟೊ ತೆಗೆಯುತ್ತಾಳಂತೆ, ಕತ್ತಲಲ್ಲಿ.
ನಾನೂರ ಏಳು ಅಂತ ಹೇಳಿದಿರಾ, ಕೇಳಿದೆ.
"ಆರು ಅಂದೆ" ಎಂದ. "ಒಂದು ನಿಮ್ಮದಲ್ವಾ."